ನಾಟಕದ ಹಿಂದಿನ ದಿನ ಪೇಟಿ ತರಬೇಡಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ನಾಟಕ ಸಂಘದ ಹಿರಿಯರಿಗೆ, ಭಜನಾ ಮಂಡಳಿಯವರಿಗೆ, ಪುರಾಣ ಸಮಿತಿಯ ಯಜಮಾನರಿಗೆ, ಪಾರ್ಟು ಹಿಡಿದ ಹುಡುಗರಿಗೆ,

ಪೇಟಿ, ಅಂದರೆ ಹಾರ್ಮೋನಿಯಂ, ರಿಪೇರಿ ಮಾಡುವವನ ಕಾಗದ ಇದು. ನಿಮ್ಮಲ್ಲಿ ಬಹಳ ಮಂದಿಗೆ ನನ್ನ ಮುಖಕ್ಕಿಂತ ಫೋನ್ ನಂಬರೇ ಹೆಚ್ಚು ಪರಿಚಯ. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆ ಆದದ್ದೇ ತಡ, ಫೋನು ಶುರುವಾಗುತ್ತದೆ. ಯುಗಾದಿಗೆ ಜೋರಾಗುತ್ತದೆ. ಬಸವ ಜಯಂತಿ, ಊರ ಜಾತ್ರೆ, ಕಾರಹುಣ್ಣಿಮೆ ಎಂದು ಮಳೆ ಹಿಡಿಯುವವರೆಗೆ ನಿಲ್ಲುವುದಿಲ್ಲ. ಮಾತು ಮಾತ್ರ ಎಲ್ಲರದೂ ಒಂದೇ: “ಅಣ್ಣಾ, ನಾಳಿ ರಾತ್ರಿ ನಾಟಕ ಐತಿ. ಪೇಟಿ ಉಸುರು ಹಿಡಿವಲ್ದು. ಸಂಜಿಗೆ ಮಾಡಿ ಕೊಟ್ಟುಬಿಡು.”

ತಾಲೀಮು ತಿಂಗಳುಗಟ್ಟಲೆ ನಡೆದಿರುತ್ತದೆ. ಮೈಕ್ ಸೆಟ್ಟಿಗೆ, ಸೀನರಿಗೆ, ಗದಗಿನಿಂದಲೋ ಬಳ್ಳಾರಿಯಿಂದಲೋ ಬರುವ ಸ್ತ್ರೀ ಪಾತ್ರದವರಿಗೆ ಮೊದಲೇ ಅಡ್ವಾನ್ಸ್ ಹೋಗಿರುತ್ತದೆ. ಹ್ಯಾಂಡ್‌ಬಿಲ್ ಅಚ್ಚಾಗಿ, ಅದರಲ್ಲಿ ಊರ ಮುಖಂಡರ ಫೋಟೊಗಳೆಲ್ಲ ಬಂದಿರುತ್ತವೆ. ನಾಂದಿ ಪದದಿಂದ ಮಂಗಳದವರೆಗೆ ರಾತ್ರಿಯೆಲ್ಲ ದುಡಿಯುವ ಪೇಟಿ ಮಾತ್ರ ಹಿಂದಿನ ದಿನ ನೆನಪಾಗುತ್ತದೆ. ಅದನ್ನು ಗುಡಿಯ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಬೈಕಿನ ಹಿಂದೆ ಒಬ್ಬ ಹುಡುಗನ ತೊಡೆಯ ಮೇಲಿಟ್ಟು ಸಿಂಧನೂರಿಗೆ ಕಳಿಸುತ್ತೀರಿ.

ಒಂದು ರಾತ್ರಿಯಲ್ಲಿ ಆಗುವ ಕೆಲಸವೂ ಇದೆ, ಆಗದ ಕೆಲಸವೂ ಇದೆ. ಇವೆರಡರ ನಡುವಿನ ಗೆರೆ ನಿಮಗೆ ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ಆಗುವುದು ಇಷ್ಟು. ತಿದಿಯ ಮಡಿಕೆ ಹರಿದಿದ್ದರೆ ತೇಪೆ ಹಾಕಬಹುದು. ಬೆರಳೊತ್ತುವ ಪಟ್ಟಿಯ ಕೆಳಗಿನ ಸ್ಪ್ರಿಂಗ್ ಸೋತಿದ್ದರೆ ಬೇರೆ ಹಾಕಬಹುದು. ಪಟ್ಟಿ ಒತ್ತಿದಲ್ಲೇ ಕೂತುಬಿಟ್ಟರೆ ಎತ್ತಿ ಕೂರಿಸಬಹುದು. ಸ್ವರದ ಬಾಯಿಗೆ ಕಸ ಸಿಕ್ಕಿ ಮೂಕಾಗಿದ್ದರೆ, ತೆಳ್ಳನೆಯ ಕಾಗದ ತೂರಿಸಿ ಬಿಡಿಸಬಹುದು. ನಮ್ಮ ಸಿಂಧನೂರು ಭಾಗದಲ್ಲಂತೂ ಅರ್ಧ ರೋಗ ಇದೇ. ಎಡದಂಡೆ ಕಾಲುವೆಯ ಊರುಗಳಲ್ಲಿ ಭತ್ತದ ಚೀಲ ಪೇರಿಸಿದ ಕೋಣೆಯಲ್ಲೇ ಪೇಟಿಯೂ ಇರುತ್ತದೆ. ಭತ್ತದ ಧೂಳಿನಲ್ಲಿ ಸಣ್ಣ ಮುಳ್ಳಿನಂಥ ಸುಂಕು ಇರುವುದು ನಿಮಗೆ ಹೇಳಬೇಕಾದ್ದೇನಲ್ಲ, ರಾಶಿ ಮಾಡಿದ ದಿನ ಮೈ ಕೆರೆದುಕೊಂಡವರೇ ಎಲ್ಲರೂ. ಆ ಸುಂಕು ಒಂದೇ ಒಂದು ಎಳೆ ಸ್ವರಕ್ಕೆ ಅಡ್ಡ ಬಿದ್ದರೂ ಸಾಕು, ಅದು ಝುರ್ ಎನ್ನುತ್ತದೆ.

ಆಗದ ಕೆಲಸ ಸ್ವರ ಕೂಡಿಸುವುದು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಜಗಳವೆಲ್ಲ ಬರುವುದು ಇಲ್ಲೇ.

ಪೇಟಿಯ ಹೊಟ್ಟೆಯೊಳಗಿನ ಹಲಗೆ ತೆಗೆದರೆ ಹಿತ್ತಾಳೆಯ ಬಿಲ್ಲೆಗಳು ಸಾಲಾಗಿ ಕಾಣುತ್ತವೆ. ಪ್ರತಿ ಬಿಲ್ಲೆಯಲ್ಲಿ ಉದ್ದಕ್ಕೆ ಒಂದು ಸೀಳು, ಸೀಳಿನ ಮೇಲೆ ತೆಳು ಹಿತ್ತಾಳೆಯ ನಾಲಗೆ. ನಾಲಗೆಗೆ ಒಂದು ತುದಿಯಲ್ಲಿ ಮಾತ್ರ ರಿವೆಟ್ ಇರುತ್ತದೆ, ಇನ್ನೊಂದು ತುದಿ ಬಿಡುವಾಗಿರುತ್ತದೆ. ತಿದಿ ಒತ್ತಿದಾಗ ಗಾಳಿ ಸೀಳಿನೊಳಗೆ ನುಗ್ಗಿ ನಾಲಗೆಯನ್ನು ಅದುರಿಸುತ್ತದೆ. ಆ ಅದುರೇ ಸ್ವರ; ನಾಲಗೆ ಸಮೇತ ಬಿಲ್ಲೆಯನ್ನೂ ನಾವು ಸ್ವರ ಎಂದೇ ಕರೆಯುತ್ತೇವೆ. ನಾಲಗೆಗೂ ಸೀಳಿನ ಅಂಚಿಗೂ ನಡುವೆ ಇರುವ ಸಂದು ಕಾಗದದ ದಪ್ಪದಷ್ಟು. ಹೆಚ್ಚಾದರೆ ಗಾಳಿ ಸುಮ್ಮನೆ ಪೋಲಾಗುತ್ತದೆ, ಮುಟ್ಟಿದರೆ ಕಿರುಗುಟ್ಟುತ್ತದೆ. ಮೂರೂವರೆ ಸಪ್ತಕದ ಪೇಟಿಗೆ 42 ಪಟ್ಟಿ. ತಗ್ಗಿನ ಖರ್ಜದ್ದೊಂದು, ನಡುವಿನ ನರದ್ದೊಂದು, ಹೀಗೆ ಎರಡು ಸಾಲಿನ ಪೇಟಿಯಾದರೆ 84 ಸ್ವರ. ಎತ್ತರದ ಮಾದಿಯ ಸಾಲೂ ಸೇರಿದರೆ 126.

ಸ್ವರ ಇಳಿದಿದ್ದರೆ ನಾಲಗೆಯ ತುದಿಯನ್ನು ಹೆರೆಯಬೇಕು. ತುದಿ ಹಗುರಾಗುತ್ತದೆ, ಬೇಗ ಅದುರುತ್ತದೆ, ಸ್ವರ ಏರುತ್ತದೆ. ಏರಿದ್ದರೆ ರಿವೆಟ್ಟಿನ ಹತ್ತಿರ, ಬುಡದಲ್ಲಿ ಹೆರೆಯಬೇಕು. ಬುಡ ಸಡಿಲಾಗುತ್ತದೆ, ಸ್ವರ ಇಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಮಾಡುವಾಗ ನಾಲಗೆಯ ಕೆಳಗೆ ಉಕ್ಕಿನ ತೆಳು ತಗಡು ತೂರಿಸಿ, ಸಣ್ಣ ಅರದಿಂದ ಎರಡು ಸಲ ಎಳೆದು, ಬಿಲ್ಲೆ ಮತ್ತೆ ಕೂರಿಸಿ, ತಿದಿ ಒತ್ತಿ ಕೇಳಬೇಕು. ಪಕ್ಕದ ಸಾಲಿನ ಅದೇ ಸ್ವರದೊಂದಿಗೆ ಹಿಡಿದಾಗ ಎರಡರ ನಡುವೆ ಒಂದು ಅಲೆ ಕೇಳಿಸುತ್ತದೆ: ವಾಂ, ವಾಂ, ವಾಂ. ಸ್ವರಗಳು ಹತ್ತಿರವಾದಂತೆ ಅಲೆ ನಿಧಾನವಾಗುತ್ತದೆ, ಪೂರ್ತಿ ಕೂಡಿದಾಗ ನಿಂತೇಬಿಡುತ್ತದೆ. ಇದು ಕಿವಿಯ ಕೆಲಸ. ಆದರೆ ಕಿವಿ ಎಷ್ಟೇ ಚುರುಕಾಗಿದ್ದರೂ ಹಿತ್ತಾಳೆ ತನ್ನ ಹೊತ್ತು ತೆಗೆದುಕೊಳ್ಳುತ್ತದೆ. ಅರ ಎಳೆದಾಗ ಲೋಹ ಬಿಸಿಯಾಗುತ್ತದೆ, ಬಿಸಿಯಲ್ಲಿ ಒಂದು ಸ್ವರ, ಆರಿದ ಮೇಲೆ ಇನ್ನೊಂದು. ಇವತ್ತು ಕೂಡಿಸಿದ್ದನ್ನು ನಾಳೆ ಬೆಳಿಗ್ಗೆ ಕೇಳಿ ತಿದ್ದಬೇಕು, ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಕೇಳಬೇಕು. ಅವಸರಕ್ಕೆ ಬಿದ್ದು ಬುಡದಲ್ಲಿ ಹೆಚ್ಚು ಹೆರೆದರೆ ಅಲ್ಲೊಂದು ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಅದು ಮುರಿಯುವುದು ನಾಟಕದ ನಡುರಾತ್ರಿಯಲ್ಲೇ. ಶಕುನಿ ಪದ ಎತ್ತಿದಾಗ ಪಂಚಮ ಕೈಕೊಟ್ಟರೆ, ಮುಂದಿನ ಸಾಲಿನ ಜನ ಬೈಯುವುದು ಪೇಟಿ ಮಾಸ್ತರನನ್ನು. ಮಾಸ್ತರ ಬೈಯುವುದು ನನ್ನನ್ನು.

ಗಾಂಧಾರದ ಮಾತೂ ಒಂದಿದೆ. ಈಗಿನ ಹುಡುಗರು ಫೋನಿನಲ್ಲಿ ಟ್ಯೂನರ್ ಇಟ್ಟುಕೊಂಡು ಬರುತ್ತಾರೆ. “ಅಣ್ಣಾ, ನಿನ್ನ ಗಾಂಧಾರ ಇಳದೈತಿ, ಇಲ್ಲಿ ಕೆಂಪು ತೋರಸಾಕತ್ತೈತಿ ನೋಡು” ಎನ್ನುತ್ತಾರೆ. ಫೋನು ಸುಳ್ಳು ಹೇಳುತ್ತಿಲ್ಲ ತಮ್ಮಾ. ಅದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಅಳೆಯುತ್ತದೆ, ಪಿಯಾನೊದ ಲೆಕ್ಕ ಅದು. ತಂಬೂರಿಯ ಜೊತೆ ಹಾಡುವವರ ಗಾಂಧಾರ ಅದಕ್ಕಿಂತ ಚೂರು ಕೆಳಗೆ ನಿಲ್ಲುತ್ತದೆ. ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಸುಮಾರು 14 ಪಾಲಿನಷ್ಟು ಕೆಳಗೆ. ಪೇಟಿಯನ್ನು ಹಾಗೆ ಕೂಡಿಸಿದರೆ ಭಜನೆಗೆ, ದಾಸರ ಪದಕ್ಕೆ, ವಚನಕ್ಕೆ ಬಹಳ ಹಿತ. ಆದರೆ ಕಪ್ಪು ಒಂದನೆಯ ಪಟ್ಟಿಯ ಶ್ರುತಿಗೆ ಹಿತವಾಗಿ ಕೂಡಿಸಿದ ಪೇಟಿಯಲ್ಲಿ ಬಿಳಿ ನಾಲ್ಕರಿಂದ ಹಾಡಿದರೆ ಕಸಿವಿಸಿ. ಭಜನಾ ಮಂಡಳಿಗೆ ಇದು ತೊಂದರೆಯಲ್ಲ, ಅವರ ಶ್ರುತಿ ವರ್ಷಪೂರ್ತಿ ಒಂದೇ. ನಾಟಕದಲ್ಲಿ ಭೀಮನದೊಂದು ಶ್ರುತಿ, ದ್ರೌಪದಿಯದೊಂದು, ಹಾಸ್ಯದವನಿಗೆ ಶ್ರುತಿಯೇ ಇಲ್ಲ. ಹಾಗಾಗಿ ಪೇಟಿ ಯಾವುದಕ್ಕೆ ಬೇಕು ಎಂದು ನಾನು ಮಾಸ್ತರನನ್ನು ಕೂರಿಸಿಕೊಂಡು ಕೇಳಬೇಕು, ಅವನು ನುಡಿಸಿ ನೋಡಬೇಕು. ಬೈಕಿನ ಮೇಲೆ ಬಂದ ಹುಡುಗನಿಗೆ “ಸಂಜಿಗೆ ಬೇಕಂತ್ರಿ” ಅನ್ನುವುದು ಬಿಟ್ಟರೆ ಬೇರೆ ಗೊತ್ತಿರುವುದಿಲ್ಲ.

ಈಗ ಅಟ್ಟದ ಮೇಲಿನ ಕಾಲುಪೇಟಿಗಳ ವಿಷಯ. ಈ ಕಾಗದದ ಹೆಚ್ಚಿನ ಪಾಲು ಅವುಗಳಿಗೇ ಸಲ್ಲಬೇಕು.

ಪೇಟಿ ನಮ್ಮ ನೆಲದ್ದಲ್ಲ. 1842ರಲ್ಲಿ ಪ್ಯಾರಿಸಿನಲ್ಲಿ ದೆಬೇನ್ ಎಂಬುವನು ಹಾರ್ಮೋನಿಯಂ ಹೆಸರಿನಲ್ಲಿ ಪೇಟೆಂಟ್ ತೆಗೆದುಕೊಂಡ. ಕುರ್ಚಿ ಹಾಕಿಕೊಂಡು ಕೂತು, ಎರಡೂ ಕಾಲಲ್ಲಿ ತುಳಿದು ನುಡಿಸುವ ವಾದ್ಯ ಅದು. ಕಲ್ಕತ್ತದಲ್ಲಿ 1875ರಲ್ಲಿ ದ್ವಾರ್ಕಿನ್ ಅಂಗಡಿ ತೆರೆದ ದ್ವಾರಕಾನಾಥ ಘೋಷರು ಅದರ ಕಾಲು ತೆಗೆದು, ತಿದಿಯನ್ನು ಬೆನ್ನಿಗೆ ಕೂರಿಸಿ, ನೆಲದ ಮೇಲೆ ಕೂರುವ ನಮ್ಮ ಜನಕ್ಕೆ ಒಗ್ಗುವ ಕೈಪೇಟಿ ಮಾಡಿದರು. ದೇಶವೆಲ್ಲ ಕೈಪೇಟಿಗೆ ಒಲಿಯಿತು. ನಾಟಕ ಕಂಪನಿಯವರು ಮಾತ್ರ ಕಾಲುಪೇಟಿ ಬಿಡಲಿಲ್ಲ. ಅದಕ್ಕೆ ಕಾರಣವಿದೆ. ಮೈಕ್ ಇಲ್ಲದ ಕಾಲ, ನಟ ಎತ್ತರದ ಶ್ರುತಿಯಲ್ಲಿ ಕಟ್ಟಕಡೆಯ ಚಾಪೆಯವನಿಗೂ ಕೇಳುವಂತೆ ಹಾಡಬೇಕು. ಅವನ ಬೆನ್ನಿಗೆ ಅಷ್ಟೇ ಗಟ್ಟಿ ಧ್ವನಿ ಬೇಕು. ತಿದಿ ಕಾಲಿಗೆ ಹೋದರೆ ಮಾಸ್ತರನ ಎರಡೂ ಕೈ ಬಿಡುವು: ಒಂದು ಕೈ ಪದದ ಜೊತೆ ಓಡಿದರೆ ಇನ್ನೊಂದು ಕೈ ಕೆಳಗಿನ ಸಪ್ತಕದಲ್ಲಿ ನಿಲ್ಲುತ್ತದೆ. ಪರದೆ ಎಳೆಯುವುದು ತಡವಾದರೆ ಅವನೇ ಹೊತ್ತು ತುಂಬಬೇಕು, ನಟ ಸಾಲು ಮರೆತರೆ ಅವನೇ ಎತ್ತಿಕೊಡಬೇಕು.

ಮುದಗಲ್ಲಿನಿಂದ ಇಳಕಲ್ಲಿನ ಕಡೆ ಹೋದರೆ ಕಂದಗಲ್ಲು ದೂರವಿಲ್ಲ. ‘ರಕ್ತರಾತ್ರಿ’, ‘ಕುರುಕ್ಷೇತ್ರ’ ಬರೆದ ಕಂದಗಲ್ಲ ಹನುಮಂತರಾಯರ ಊರು ಅದು. ‘ಸಂಪತ್ತಿಗೆ ಸವಾಲ್’ ಬರೆದ ಧುತ್ತರಗಿಯವರೂ ಅದೇ ಹುನಗುಂದ ಸೀಮೆಯವರು. ಪುಟ್ಟರಾಜ ಗವಾಯಿಗಳು ಗದಗಿನ ಆಶ್ರಮಕ್ಕೆ ನಾಟಕ ಕಂಪನಿಯನ್ನೇ ಕಟ್ಟಿಕೊಟ್ಟಿದ್ದರು, ಅವರ ಬೆರಳಿಗೆ ಬಾರದ ವಾದ್ಯ ಹುಡುಕುವುದೇ ಕಷ್ಟವಿತ್ತು. ನಮ್ಮ ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರು ಅದೇ ಆಶ್ರಮದ ಪಂಚಾಕ್ಷರಿ ಗವಾಯಿಗಳ ಶಿಷ್ಯರು. ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರು. ಈ ಸೀಮೆಗೆ ಕಂಪನಿಗಳು ಬಂದು ಕ್ಯಾಂಪ್ ಹಾಕಿ, ಮುಳುಗಿ, ಎದ್ದು, ಹೋದದ್ದು ನಿಮ್ಮ ಅಜ್ಜಂದಿರಿಗೆ ಗೊತ್ತು. ಕಂಪನಿ ಮುಳುಗಿದಾಗ ಸಾಲಕ್ಕೆ ಬಿಟ್ಟುಹೋದ ಪೇಟಿಗಳು, ವಯಸ್ಸಾದ ಮಾಸ್ತರರು ಊರ ಸಂಘಕ್ಕೆ ಮಾರಿದ ಪೇಟಿಗಳು ಈಗಲೂ ಗುಡಿಗಳಲ್ಲಿ, ಚಾವಡಿಗಳಲ್ಲಿ, ಯಾರದೋ ಪಡಸಾಲೆಯ ಮೂಲೆಯಲ್ಲಿ ಇವೆ. ಅಂಥವು ನನ್ನ ಅಂಗಡಿಗೂ ಬಂದಿವೆ.

ಪೇಟಿಗೆ ಅವಮಾನದ ದಿನಗಳೂ ಇದ್ದವು. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ಅದನ್ನು ಸ್ಟುಡಿಯೊದಿಂದ ಹೊರಗಿಟ್ಟಿತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಬರುವುದಿಲ್ಲ, ಶ್ರುತಿ ಸಲ್ಲದು ಎಂಬ ಆಕ್ಷೇಪ. ರವೀಂದ್ರನಾಥ ಟ್ಯಾಗೋರರೂ ಪೇಟಿಯ ವಿರೋಧಿಯೇ. ಬಹಿಷ್ಕಾರ ಸಡಿಲವಾಗಿದ್ದು 1971ರಲ್ಲಿ. ಆ ಮೂವತ್ತು ವರ್ಷವೂ ನಮ್ಮ ಕಡೆ ಒಂದೇ ಒಂದು ನಾಟಕ ಪೇಟಿ ಇಲ್ಲದೆ ನಡೆಯಲಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಬೆಳಗಾವಿಯ ರಾಂಭಾವು ಬಿಜಾಪುರೆಯವರು ಅದೇ ಪೇಟಿಯನ್ನು ಮುಂದಿಟ್ಟುಕೊಂಡು ಸ್ವತಂತ್ರವಾಗಿ ರಾಗ ನುಡಿಸಿ ಜನರನ್ನು ಕೂರಿಸಿದರು. ಮೀಂಡು ಬರುವುದಿಲ್ಲ ಎನ್ನುವುದು ಸುಳ್ಳಲ್ಲ, ಆದರೆ ಅವರ ಬೆರಳು ಕೇಳಿದವರಿಗೆ ಆ ಕೊರತೆ ನೆನಪಾಗುತ್ತಿರಲಿಲ್ಲ.

ಹಳೆಯ ಕಾಲುಪೇಟಿ ಬಿಚ್ಚುವುದೆಂದರೆ ನನಗೆ ಬೇರೆ ಕೆಲಸ ಬೇಡ. ಒಮ್ಮೆ ಲಿಂಗಸುಗೂರು ಕಡೆಯಿಂದ ಒಂದು ಬಂತು. ಮೇಲ್ನೋಟಕ್ಕೆ ಸೌದೆ. ತುಳಿಯುವ ಹಲಗೆಯ ಬೆಲ್ಟುಗಳನ್ನು ಇಲಿ ತಿಂದಿತ್ತು, ಯಾರೋ ಅದರ ಬದಲು ಎತ್ತಿನ ಮಗಡದ ಹಗ್ಗ ಕಟ್ಟಿದ್ದರು. ತಿದಿಗೆ ಸೈಕಲ್ ಟ್ಯೂಬಿನ ತೇಪೆ; ನಮ್ಮ ಬೇಸಿಗೆಯಲ್ಲಿ ರಬ್ಬರ್ ಕರಗಿ ಮಡಿಕೆಗಳೆಲ್ಲ ಒಂದಕ್ಕೊಂದು ಅಂಟಿದ್ದವು. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಖರ್ಜದ ಮೂರು ಸ್ವರ ಪೂರ್ತಿ ಅದರಡಿ ಹೂತಿದ್ದವು. ಪಟ್ಟಿಗಳ ಸಂದಿನಿಂದ ಸುರಿದ ಕುಂಕುಮ, ಭಸ್ಮ ಮತ್ತು ಕಾಯಿ ಒಡೆದ ನೀರು ಸೇರಿ ಗಟ್ಟಿ ರೊಟ್ಟಿಯಾಗಿತ್ತು. ವರ್ಷ ವರ್ಷ ಮಹಾನವಮಿಗೆ ಆಯುಧ ಪೂಜೆ ಮಾಡಿದ್ದಕ್ಕೆ ಸಾಕ್ಷಿ. ಅದನ್ನೆಲ್ಲ ಕೆತ್ತಿ ತೆಗೆದ ಮೇಲೆ ಹಲಗೆಯ ಒಳಮೈಯಲ್ಲಿ ಪೆನ್ಸಿಲಿನ ಬರಹ ಸಿಕ್ಕಿತು. ಯಾವುದೋ ಮಾಸ್ತರ ತನ್ನ ನೆನಪಿಗೆ ಮಟ್ಟುಗಳನ್ನು ಬರೆದುಕೊಂಡಿದ್ದ: ಯಾವ ಪದಕ್ಕೆ ಯಾವ ಪಟ್ಟಿಯಿಂದ ಎತ್ತಬೇಕು ಎಂದು. ಹೆಸರಿಲ್ಲ, ಇಸವಿ ಇಲ್ಲ.

ಸ್ವರಗಳನ್ನು ತೊಳೆದಾಗ ಗೊತ್ತಾಯಿತು, ಅವು ಪ್ಯಾರಿಸಿನವು. ಈಗ ಹೊಸ ಪೇಟಿಗೆ ಸ್ವರ ಗುಜರಾತಿನ ಪಾಲಿತಾಣಾದಿಂದ ಬರುತ್ತದೆ, ಒಳ್ಳೆಯದೇ ಬರುತ್ತದೆ. ಆದರೆ ಹಳೆಯ ಪ್ಯಾರಿಸ್ ಸ್ವರ, ಜರ್ಮನಿಯ ಜುಬಿಲೇಟ್ ಸ್ವರ ಎಂದರೆ ಪೇಟಿಯವರು ಕಿವಿ ನಿಮಿರಿಸುತ್ತಾರೆ. ಸಣ್ಣ ಗಾಳಿಗೇ ಮಾತಾಡುತ್ತವೆ, ಕಾಲಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಇದು ಪೇಟೆಯ ಹಳೇ ಸಾಮಾನಿನ ವ್ಯಾಪಾರಿಗೂ ಗೊತ್ತು. ಅವನು ನಿಮ್ಮ ಊರಿಗೆ ಬಂದು, ಹುಳ ಹಿಡಿದ ಕಟ್ಟಿಗೆಗೆ ಕೊಡುವ ಬೆಲೆ ಕೊಟ್ಟು ಪೇಟಿ ಒಯ್ಯುತ್ತಾನೆ. ಆಮೇಲೆ ಅದು ಯಾವುದೋ ದೊಡ್ಡ ಊರಿನ ಹೋಟೆಲಿನ ಹಾಲಿನಲ್ಲಿ ಪಾಲಿಶ್ ಹೊಡೆಸಿಕೊಂಡು ಹೂದಾನಿ ಹೊತ್ತು ನಿಲ್ಲುತ್ತದೆ. ಮಾರಲೇಬೇಡಿ ಎಂದು ಹೇಳಲು ನಾನು ಯಾರು? ಸಂಘದ ಆಸ್ತಿ, ನಿಮ್ಮ ಇಷ್ಟ. ಆದರೆ ಮಾರುವ ಮೊದಲು ಒಮ್ಮೆ ಬಿಚ್ಚಿಸಿ ನೋಡಿ. ಮಸ್ಕಿಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಗುಡ್ಡದ ಬಂಡೆಯಲ್ಲಿ ಅಶೋಕನ ಹೆಸರು ಇದೆ ಎಂದು ಜಗತ್ತಿಗೆ ಗೊತ್ತಾದದ್ದೂ 1915ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ನಿಂತು ನೋಡಿದ್ದರಿಂದ.

ನಾನು ಹೊಸದರ ವಿರೋಧಿ ಎಂದು ತಿಳಿಯಬೇಡಿ. ಪೇಟಿಯೊಂದನ್ನೇ ನಂಬಿದರೆ ನನ್ನ ಒಲೆ ಉರಿಯುವುದಿಲ್ಲ. ತಬಲಾ, ಡಗ್ಗ, ಢೋಲಕಿಗೆ ಬಾರು ಬಿಗಿಯುತ್ತೇನೆ. ನಿಮ್ಮ ಕ್ಯಾಸಿಯೊ ಕೀಬೋರ್ಡ್ ಕೂಡ ನನ್ನ ಬಳಿಯೇ ಬರುತ್ತದೆ. ನಾಟಕಕ್ಕೆ ಕ್ಯಾಸಿಯೊ, ರಿದಂ ಪ್ಯಾಡ್ ಬಂದು ಬಹಳ ದಿನವಾಯಿತು. ಹೊತ್ತು ತರುವುದು ಸುಲಭ, ಗುಂಡಿ ಒತ್ತಿದರೆ ಶ್ರುತಿ ಬದಲು, ಮಳೆ ಗುಡುಗಿನ ಸದ್ದೂ ಅದರಲ್ಲೇ ಸಿಗುತ್ತದೆ. ಕೆಟ್ಟರೆ ಎಸೆಯಬೇಕು ಎಂಬುದೊಂದು ತಪ್ಪು ತಿಳಿವಳಿಕೆ ನಿಮ್ಮಲ್ಲಿದೆ. ಕೆಲವು ಪಟ್ಟಿ ಮಾತ್ರ ಸದ್ದು ಮಾಡದಿದ್ದರೆ ಬಹುತೇಕ ಸಲ ಕಾರಣ ಸಣ್ಣದು. ಪಟ್ಟಿಯ ಕೆಳಗೆ ರಬ್ಬರಿನ ಗುಬ್ಬಿಗಳಿರುತ್ತವೆ, ಅವುಗಳ ತಳಕ್ಕೆ ಕಾರ್ಬನ್. ಆ ಕಾರ್ಬನ್ ಕೆಳಗಿನ ಬೋರ್ಡಿಗೆ ತಾಗಿದಾಗ ಸದ್ದು ಬರುತ್ತದೆ. ನಡುವೆ ಧೂಳು ಕೂತರೆ ತಾಗುವುದಿಲ್ಲ. ಬಿಚ್ಚಿ, ಸ್ಪಿರಿಟ್ ಹಚ್ಚಿದ ಅರಿವೆಯಿಂದ ಒರೆಸಿ ಮುಚ್ಚಿದರೆ ಮುಗಿಯಿತು. ಅಲ್ಲೂ ಭತ್ತದ ಸುಂಕೇ.

ಅಮೆರಿಕದಲ್ಲೂ ನನ್ನ ಕಸುಬಿನವರು ಇದ್ದಾರೆ ಎಂದು ತಿಳಿದಾಗ ನನಗೆ ಖುಷಿಯಾಯಿತು. ಅಲ್ಲಿ ಪೇಟಿಯಲ್ಲ, ಕರೆಂಟಿನ ಪಿಯಾನೊ. ರೋಡ್ಸ್ ಎಂಬುದೊಂದಿದೆ: ಪಟ್ಟಿ ಒತ್ತಿದರೆ ಸುತ್ತಿಗೆಯೊಂದು ಉಕ್ಕಿನ ಕಡ್ಡಿಗೆ ಬಡಿಯುತ್ತದೆ, ಕಡ್ಡಿಯ ಅದುರನ್ನು ಮ್ಯಾಗ್ನೆಟ್ಟಿನ ಪಿಕಪ್ ಹಿಡಿದು ಸ್ಪೀಕರಿಗೆ ಕೊಡುತ್ತದೆ. ಅದನ್ನು ಮಾಡಿದ ಹೆರಾಲ್ಡ್ ರೋಡ್ಸ್ ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಮಲಗಿದ ಸೈನಿಕರಿಗೆ ಪಾಠ ಹೇಳಲು, ವಿಮಾನದ ಅಲ್ಯೂಮಿನಿಯಂ ಕೊಳವೆ ಕತ್ತರಿಸಿ ತೊಡೆಯ ಮೇಲಿಟ್ಟು ನುಡಿಸುವ ಪುಟ್ಟ ಪಿಯಾನೊ ಮಾಡಿದ್ದನಂತೆ. ಇನ್ನೊಂದು ವುರ್ಲಿಟ್ಜರ್. ಅದರೊಳಗೆ ನಮ್ಮ ಪೇಟಿಯ ನಾಲಗೆಯಂಥದೇ ಉಕ್ಕಿನ ಸ್ವರ, ಗಾಳಿಯ ಬದಲು ಸುತ್ತಿಗೆಯ ಏಟು. ಸ್ವರ ಕೂಡಿಸುವ ರೀತಿಯಂತೂ ನಮ್ಮದೇ: ತುದಿಗೆ ಬೆಸುಗೆಯ ಸೀಸ ಹಾಕಿರುತ್ತಾರೆ, ಅರದಿಂದ ಅದನ್ನು ಉಜ್ಜಿದರೆ ಸ್ವರ ಏರುತ್ತದೆ. 1983ರಲ್ಲಿ ಯಮಾಹಾದ ಡಿಎಕ್ಸ್7 ಎಂಬ ಹಗುರ ಕೀಬೋರ್ಡ್ ಬಂದ ಮೇಲೆ ಜನ ಈ ಭಾರದ ಪಿಯಾನೊಗಳನ್ನು ಮೂಲೆಗೆ ತಳ್ಳಿದರು, ಕಂಪನಿಗಳು ಮಾಡುವುದನ್ನೇ ನಿಲ್ಲಿಸಿದವು. ಆಮೇಲೆ ಹಳೆಯ ಧ್ವನಿಯೇ ಬೇಕು ಎನಿಸಿ ಮತ್ತೆ ಹುಡುಕಿದರು. ಈಗ ಅವುಗಳನ್ನು ಬಿಚ್ಚಿ ಸರಿಪಡಿಸುವ ಒಬ್ಬಿಬ್ಬರ ಸಣ್ಣ ಅಂಗಡಿಗಳು ಅಲ್ಲಿ ಹೊಟ್ಟೆ ಹೊರೆಯುತ್ತಿವೆ. ಗಿರಾಕಿ ತಿಂಗಳುಗಟ್ಟಲೆ ಕಾಯುತ್ತಾನೆ, ಸರದಿ ಬಂದಾಗ ಕರೆದರೆ ತರುತ್ತಾನೆ. ಯಾರೂ ಹಿಂದಿನ ದಿನ ಬೈಕಿನ ಮೇಲೆ ತರುವುದಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಆರ್.ಎಚ್. ಕ್ಯಾಂಪಿನವರನ್ನೇ ನೋಡಿ. ಪೂರ್ವ ಬಂಗಾಳದಿಂದ ಬಂದು ಸಿಂಧನೂರಿನ ನೆಲದಲ್ಲಿ ನೆಲೆಸಿದವರು. ಅವರ ಕೀರ್ತನೆಗೆ ಪೇಟಿ ಬೇಕೇ ಬೇಕು. ನನ್ನಲ್ಲಿಗೆ ಬರುವ ಅವರ ಪೇಟಿಗಳಲ್ಲಿ ಇಲಿ ಕಡಿದದ್ದನ್ನು ನಾನು ನೋಡಿಲ್ಲ. ಅರಿವೆಯ ಗವಸು ಹೊಲಿಸಿರುತ್ತಾರೆ, ವಾರಕ್ಕೆ ಒಮ್ಮೆಯಾದರೂ ನುಡಿಸುತ್ತಾರೆ. ನುಡಿಸುವ ಪೇಟಿ ಕೆಡುವುದು ಕಡಿಮೆ, ಒಳಗೆ ಗಾಳಿಯಾಡುತ್ತದೆ, ಕಣಜ ಗೂಡು ಕಟ್ಟಲು ಪುರುಸೊತ್ತು ಸಿಗುವುದಿಲ್ಲ.

ನನ್ನ ಬೇಡಿಕೆಗೆ ಬರುತ್ತೇನೆ. ಮಣ್ಣೆತ್ತಿನ ಅಮಾವಾಸ್ಯೆಯಿಂದ ನಾಗರ ಅಮಾವಾಸ್ಯೆಯವರೆಗೆ, ಆಷಾಢ ಮಾಸ ಪೂರ್ತಿ, ನನಗೆ ಕೆಲಸವಿರುವುದಿಲ್ಲ. ಮದುವೆ ಇಲ್ಲ, ಜಾತ್ರೆ ಇಲ್ಲ, ನಾಟಕವಂತೂ ಇಲ್ಲ. ನೀವು ಬಿತ್ತನೆ, ನಾಟಿಯ ಗಡಿಬಿಡಿಯಲ್ಲಿರುತ್ತೀರಿ, ಪೇಟಿ ಅಟ್ಟದಲ್ಲಿರುತ್ತದೆ. ಆಗ ಕಳಿಸಿ. ಶ್ರಾವಣಕ್ಕೆ ಪುರಾಣ ಶುರುವಾಗುವ ಹೊತ್ತಿಗೆ ಕೂಡಿಸಿ ಕೊಡುತ್ತೇನೆ. ದಸರೆಗೆ ದೇವಿ ಪುರಾಣ ಓದುವಾಗ ಒಂಬತ್ತು ದಿನ ಅದೇ ಪೇಟಿ ನುಡಿಯಲಿ; ಅಲ್ಲೇನಾದರೂ ಕೊರತೆ ಕಂಡರೆ ನಾಟಕದ ಹಂಗಾಮಿನೊಳಗೆ ತಿದ್ದಲು ಸಾಕಷ್ಟು ಹೊತ್ತಿದೆ. ಮಳೆಗಾಲದಲ್ಲಿ ಚರ್ಮ, ಅಂಟು ಒಣಗುವುದಿಲ್ಲ ಎನ್ನುವವರಿದ್ದಾರೆ. ನಮ್ಮ ಕಡೆಯ ಮಳೆಯನ್ನು ನಂಬಿ ಆ ಭಯ ಪಡುವುದು ನಗೆಪಾಟಲು.

ಆಷಾಢದಲ್ಲಿ ಕೆಲಸ ಬಂದರೆ ನನಗೊಂದು ಅನುಕೂಲವಿದೆ, ಮುಚ್ಚಿಡುವುದಿಲ್ಲ. ಹಂಗಾಮಿನಲ್ಲಿ ಮಾತ್ರ ಕೆಲಸವಿದ್ದರೆ ಹುಡುಗನನ್ನು ಇಟ್ಟುಕೊಂಡು ಕಲಿಸಲು ಆಗುವುದಿಲ್ಲ. ಆಗ ನನಗೂ ಅವಸರ, ಅವನ ಕೈಗೆ ಅರ ಕೊಡಲು ಧೈರ್ಯ ಬರುವುದಿಲ್ಲ. ಹಂಗಾಮು ಮುಗಿದ ಮೇಲೆ ಸಂಬಳ ಕೊಡಲು ದುಡ್ಡಿರುವುದಿಲ್ಲ. ಹುಡುಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಕಲಿಯಲು ಬಂದ ಹುಡುಗರೆಲ್ಲ ಹೀಗೇ ಹೋದರು, ಅವರದು ತಪ್ಪಿಲ್ಲ. ವರ್ಷದಲ್ಲಿ ಒಂದು ತಿಂಗಳು ಬಿಡುವಾಗಿ ಕೂತು ಕೆಲಸ ಮಾಡುವಂತಾದರೆ ಕಿವಿ ಇರುವ ಒಬ್ಬನನ್ನು ಕೂರಿಸಿಕೊಂಡು, ಮೊದಲು ಕೆಟ್ಟ ಸ್ವರದ ಮೇಲೆ, ಆಮೇಲೆ ಒಳ್ಳೆಯದರ ಮೇಲೆ ಕೈ ಪಳಗಿಸಬಹುದು. ನಿಮ್ಮ ಊರಿನ ಭಜನೆಯಲ್ಲಿ ಎಲ್ಲರೂ ಹಾಡುವಾಗ “ಯಾರದೋ ಶ್ರುತಿ ತಪ್ಪೈತಿ” ಎಂದು ಮುಖ ಸಿಂಡರಿಸುವ ಹುಡುಗ ಅಥವಾ ಹುಡುಗಿ ಇದ್ದರೆ ಅವರನ್ನೇ ಕಳಿಸಿ. ಕಣ್ಣು ಕಾಣದವರಾದರೂ ಅಡ್ಡಿಯಿಲ್ಲ, ಕಣ್ಣು ಕಾಣದವರಿಗೆ ಸಂಗೀತ ಕಲಿಸುವ ಗದಗಿನ ಆಶ್ರಮ ಕಂಡ ಸೀಮೆಯವರು ನಾವು. ಹೆರೆಯುವಾಗ ನಾನು ಜೊತೆಗೆ ಕೂರುತ್ತೇನೆ.

ದುಡ್ಡಿನ ಮಾತು ಎಂದಿನಂತೆ ಪೇಟಿ ಬಿಚ್ಚಿದ ಮೇಲೆಯೇ. ಮುಚ್ಚಿದ ಪೇಟಿಗೆ ದರ ಹೇಳುವುದು ನನಗಾಗದು. ಆದರೆ ಒಂದು ಊರಿನ ಪೇಟಿಗೆಂದೇ ಗಾಡಿ ಮಾಡುವುದು ದಂಡ. ಅಕ್ಕಪಕ್ಕದ ನಾಲ್ಕು ಊರಿನವರು ಮಾತಾಡಿಕೊಂಡು ಒಂದೇ ಟಂಟಂನಲ್ಲಿ ಹಾಕಿ ಕಳಿಸಿ. ಕೆಳಗೆ ಹುಲ್ಲು ಹಾಸಿ, ತಿದಿಗೆ ಕೊಂಡಿ ಹಾಕಿ ಮುಚ್ಚಿ. ಪೇಟಿಯ ಮೇಲೆ ಪೇಟಿ ಪೇರಿಸಬೇಡಿ. ಯಾವ ಊರು, ಯಾವ ಸಂಘ, ಭಜನೆಗೋ ನಾಟಕಕ್ಕೋ, ಯಾವ ಶ್ರುತಿ, ಮಾಸ್ತರನ ಫೋನ್ ನಂಬರ್ ಏನು ಎಂದು ಒಂದು ಚೀಟಿ ಬರೆದು ಮುಚ್ಚಳದೊಳಗೆ ಇಡಿ.

ತರುವ ಮೊದಲು ನೀವೇ ರಿಪೇರಿ ಮಾಡಲು ಹೋಗಬೇಡಿ. ಪಟ್ಟಿ ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡುವುದು, ತಿದಿಗೆ ಟ್ಯೂಬು ಅಂಟಿಸುವುದು, ಸ್ವರದ ಮೇಲೆ ಗಟ್ಟಿ ಅಂಟು ಸುರಿಯುವುದು, ಇವೆಲ್ಲ ನನಗೆ ಎರಡು ಪಟ್ಟು ಕೆಲಸ, ನಿಮಗೆ ಎರಡು ಪಟ್ಟು ಖರ್ಚು. ಮಹಾನವಮಿಯ ಪೂಜೆ ತಪ್ಪಿಸಬೇಡಿ, ಕುಂಕುಮವನ್ನು ಮುಚ್ಚಳದ ಮೇಲೆ ಹಚ್ಚಿ ಸಾಕು. ಮುರಿದ ನಾಲಗೆ, ಕಳಚಿದ ಪಟ್ಟಿ, ಒಡೆದ ಸ್ಟಾಪರ್, ತುಕ್ಕು ಹಿಡಿದ ಸ್ಪ್ರಿಂಗ್ ಏನೇ ಇದ್ದರೂ ಎಸೆಯದೆ ಚಿಕ್ಕ ಚೀಲದಲ್ಲಿ ಕಟ್ಟಿ ಜೊತೆಗೆ ಕೊಡಿ. ಪ್ಯಾರಿಸಿನ ಸ್ವರ ಮುರಿದರೆ ಹೊಸದು ಅಂಗಡಿಯಲ್ಲಿ ಸಿಗುವುದಿಲ್ಲ; ಬೇರೆ ಹಿತ್ತಾಳೆಯಿಂದ ಮಾಡಿ ಕೂರಿಸಬೇಕಾದರೆ ಆ ಮುರಿದ ತುಂಡಿನ ದಪ್ಪವೇ ನನಗೆ ಅಳತೆ.

ಇಂತಿ ನಿಮ್ಮ,
ಪೇಟಿ ರಿಪೇರಿಯವನು
ಸಿಂಧನೂರು